ಅಳಿಸಿದ ಸಾಲುಗಳ ಕೆಳಗಿದ್ದ ಮದ್ದು

ಹೋದ ತಿಂಗಳು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳು ಹುಡುಗಿ ಸಿಕ್ಕಿದಳು. ನಾನಿದ್ದ ಸಾಫ್ಟ್‌ವೇರ್ ಕಂಪೆನಿಗೇ ಈಗ ಹೊಸದಾಗಿ ಸೇರಿದವಳು. ಕೆಲಸ ಹೇಗುಂಟು ಎಂದು ಕೇಳಿದೆ. "ಫಾರ್ಮ್ ಮಾಡುದಕ್ಕೆ ಹಾಕಿದ್ದಾರೆ ಮೇಡಂ, ದೊಡ್ಡ ಕೆಲಸ ಎಂತದೂ ಇಲ್ಲ" ಎಂದಳು. ಅಷ್ಟರಲ್ಲಿ ಬೆಳ್ಳಾರೆ ದಾರಿಯ ನನ್ನ ಬಸ್ಸು ಬಂದದ್ದರಿಂದ ಅವಳು ಬಚಾವಾದಳು. ಐವರ್ನಾಡಿನಲ್ಲಿ ಇಳಿಯುವವರೆಗೂ ಆ ಮಾತು ನನ್ನನ್ನು ಕುಟುಕುತ್ತಲೇ ಇತ್ತು. ಅವಳ ಮೇಲಿನ ಸಿಟ್ಟಿನಲ್ಲಿ ಇದನ್ನು ಬರೆಯತೊಡಗಿದೆ. ಬರೆಯುತ್ತಾ ಹೋದಂತೆ ಸಿಟ್ಟು ಯಾರ ಮೇಲೆ ಎಂಬುದು ಬೇರೆಯೇ ಆಯಿತು.

ನಾನು ಲಲಿತಾ. ಆಫೀಸಿನಲ್ಲಿ ಎಲ್ಲರಿಗೂ ಲಲಿತಕ್ಕ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಇಲ್ಲಿ ಬೇಡ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಮೊದಲು ಡಿಟಿಪಿ ಅಂಗಡಿಯೊಂದರಲ್ಲಿ ಅರ್ಜಿ ನಮೂನೆಗಳನ್ನು ಟೈಪು ಮಾಡುತ್ತಿದ್ದೆ. ಕಾಗದದ ಅರ್ಜಿಗೆ ಒಂದು ದೊಡ್ಡ ಗುಣವಿತ್ತು. ನಾವು ಕೇಳಿದ ಪ್ರಶ್ನೆ ತಪ್ಪಾಗಿದ್ದರೆ ಜನ ಬದಿಯ ಖಾಲಿ ಜಾಗದಲ್ಲಿ ಸರಿಯಾದ ಉತ್ತರ ಬರೆದುಬಿಡುತ್ತಿದ್ದರು. ಅರ್ಜಿ ಪರದೆಯ ಮೇಲೆ ಬಂದ ದಿನವೇ ಆ ಬದಿ ಹೋಯಿತು. ನಾವು ಪೆಟ್ಟಿಗೆ ಕೊಟ್ಟ ಕಡೆ ಮಾತ್ರ ಬರೆಯಬೇಕು, ನಾವು ಒಪ್ಪಿದ್ದನ್ನು ಮಾತ್ರ ಬರೆಯಬೇಕು. ಇಷ್ಟು ಅಧಿಕಾರ ಕೈಗೆ ಬಂದಿದೆ ಎಂದು ನನಗೆ ಬಹಳ ಕಾಲ ಗೊತ್ತೇ ಇರಲಿಲ್ಲ.

ನಮ್ಮ ಕಂಪೆನಿ ಪುತ್ತೂರು, ಸುಳ್ಯ, ಕಡಬದ ಆಸ್ಪತ್ರೆಗಳಿಗೆ ರೋಗಿಗಳ ದಾಖಲಾತಿಯ ಫಾರ್ಮ್ ಮಾಡಿಕೊಡುತ್ತಿತ್ತು. ಮೊದಮೊದಲು ಒಂದೊಂದು ಆಸ್ಪತ್ರೆಗೂ ಒಂದೊಂದು ಫಾರ್ಮನ್ನು ಕೈಯಾರೆ ಬರೆಯುತ್ತಿದ್ದೆವು. ಒಬ್ಬ ಡಾಕ್ಟರಿಗೆ ಒಂದು ಪ್ರಶ್ನೆ ಬೇಕು, ಇನ್ನೊಬ್ಬರಿಗೆ ಅದು ಬೇಡ. ಇವತ್ತು ಸೇರಿಸಿ, ನಾಳೆ ತೆಗೆಯಿರಿ. ಕೊನೆಗೆ ನಾನೇ ಕೂತು ಬೇರೆ ದಾರಿ ಮಾಡಿದೆ. ಪ್ರಶ್ನೆಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಡುವುದು. ನರ್ಸ್ ಪುಟ ತೆರೆದಾಗ ಆ ಆಸ್ಪತ್ರೆಯ ಪಟ್ಟಿ ನೋಡಿ ಫಾರ್ಮ್ ಅಲ್ಲೇ ಹುಟ್ಟುವುದು. ಉತ್ತರ ಸರಿಯುಂಟೋ ಇಲ್ಲವೋ ಎಂದು ಪರೀಕ್ಷಿಸುವ ನಿಯಮಗಳೂ ಅದೇ ಪಟ್ಟಿಯಿಂದ ಬರುವುದು. ಪ್ರಭಾಕರ ಸರ್ ಬಹಳ ಖುಷಿಪಟ್ಟರು. ಅವರು ಕಂಪೆನಿಯ ಯಜಮಾನರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಸಿಹಿ ಮಾತಿನವರು, ಗಾಬರಿಯ ಸ್ವಭಾವದವರು. ನನಗೂ ಸ್ವಲ್ಪ ತಲೆ ತಿರುಗಿತು. ನಿಯಮ ಬರೆಯುವ ಹುಚ್ಚು ಹಿಡಿಯಿತು.

ಮೊದಲ ಏಟು ಫೋನ್ ನಂಬರಿನಲ್ಲಿ ಬಿತ್ತು. ಹತ್ತು ಅಂಕಿ ಇರಲೇಬೇಕು, ಇಲ್ಲದಿದ್ದರೆ ಫಾರ್ಮ್ ಮುಂದೆ ಹೋಗುವುದಿಲ್ಲ ಎಂದು ನಿಯಮ ಹಾಕಿದ್ದೆ. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿದ್ದಾರೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿಯಮ ಬರೆಯುವ ಹೊತ್ತಿಗೆ ನೆನಪಾಗಲಿಲ್ಲ. ಹೆಂಗಸರು ಹೇಳಿದ ಅಲ್ಲಿನ ನಂಬರನ್ನು ಫಾರ್ಮ್ ಒಪ್ಪಲಿಲ್ಲ. ನರ್ಸುಗಳು ಒಂಬತ್ತನ್ನು ಹತ್ತು ಸಲ ಒತ್ತಿ ಮುಂದೆ ಹೋಗುತ್ತಿದ್ದರು. ಫಾರ್ಮಿಗೆ ಅದು ಪರಮ ಸರಿ. ಒಂದು ದಿನ ಹೆರಿಗೆಗೆ ಬಂದವಳ ಗಂಡನಿಗೆ ತುರ್ತಾಗಿ ಫೋನು ಮಾಡಬೇಕಾಗಿ ಬಂದಾಗ ದಾಖಲೆಯಲ್ಲಿ ಇದ್ದದ್ದು ಹತ್ತು ಒಂಬತ್ತುಗಳು. ಹೇಗೋ ನೆಂಟರನ್ನು ಹಿಡಿದು ಕೆಲಸ ಆಯಿತು. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ.

ಅದರಿಂದ ನಾನು ಕಲಿತ ಪಾಠ, ಜನರನ್ನು ಒತ್ತಾಯ ಮಾಡಬಾರದು ಎಂದು. ಒತ್ತಾಯ ಮಾಡಿದರೆ ಸುಳ್ಳು ಬರುತ್ತದೆ. ಹಾಗಾಗಿ ಎಲ್ಲ ಕಡೆ ಖಾಲಿ ಬಿಡಲು ಅವಕಾಶ ಕೊಡುತ್ತಾ ಹೋದೆ. ರೋಗಿಗೆ ಯಾವ ಮದ್ದು ಮೈಗೆ ಒಗ್ಗುವುದಿಲ್ಲ ಎಂದು ಕೇಳುವ ಕಡೆಯೂ ಹಾಗೆಯೇ ಮಾಡಿದೆ. ನೂರರಲ್ಲಿ ಹೆಚ್ಚಿನವರಿಗೆ ಅಂಥದ್ದೇನೂ ಇರುವುದಿಲ್ಲ, ನರ್ಸಿಗೆ ಸುಮ್ಮನೆ ಯಾಕೆ ತೊಂದರೆ? ಏನೂ ಬರೆಯದಿದ್ದರೆ "ಅಲರ್ಜಿ: ಇಲ್ಲ" ಎಂದು ಅಚ್ಚಾಗುವ ಹಾಗೆ ಮಾಡಿದೆ. ಖಾಲಿ ಬೇರೆ, ಇಲ್ಲ ಬೇರೆ. ಇಷ್ಟು ಸಣ್ಣ ವಿಷಯ ಅಷ್ಟು ವರ್ಷ ಕೆಲಸ ಮಾಡಿದ ನನಗೆ ಹೊಳೆಯಲಿಲ್ಲ.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ನಡೆದದ್ದು. ದಾಖಲಾತಿಯ ಕೌಂಟರಿನಲ್ಲಿ ಸಿಸ್ಟರ್ ಲಿಸ್ಸಿ ಇದ್ದಳು. ಕಡಬದ ಕಡೆಯವಳು, ಮನೆಯಲ್ಲಿ ಮಲಯಾಳ, ಕೌಂಟರಿನಲ್ಲಿ ಬಂದವರ ಭಾಷೆ. ಅವಳು ರೋಗಿಯನ್ನು "ಯಾವುದು ನಿಮಗೆ ಆಗುದಿಲ್ಲ?" ಎಂದು ಕೇಳುತ್ತಿದ್ದಳು. ಈ ಪ್ರಶ್ನೆಗೆ ನಮ್ಮ ಜನ ಮೊದಲು ಮದ್ದಿನ ಹೆಸರು ಹೇಳುವುದಿಲ್ಲ. ಮೊದಲು ಬರುವುದು ನಂಜಿನ ಪಟ್ಟಿ. ಗಾಯ ಇರುವಾಗ, ಮದ್ದು ಮಾಡುವಾಗ ತಿನ್ನಬಾರದ್ದಕ್ಕೆ ನಂಜು ಎನ್ನುತ್ತಾರೆ. ಬದನೆ ಆಗುವುದಿಲ್ಲ, ಹಲಸು ಆಗುವುದಿಲ್ಲ, ಬಂಗುಡೆ ಮೀನು ಮುಟ್ಟುವುದೇ ಇಲ್ಲ. ಅದೆಲ್ಲ ಮುಗಿದ ಮೇಲೆ ಕೊನೆಗೆ, ಎದ್ದು ಹೋಗುವಾಗ ನೆನಪಾದಂತೆ, "ಹಾಂ, ಒಮ್ಮೆ ಇಂತಹ ಇಂಜೆಕ್ಷನ್ ಕೊಟ್ಟು ಉಸಿರು ಕಟ್ಟಿತ್ತು" ಎನ್ನುತ್ತಾರೆ. ಲಿಸ್ಸಿ ಹೇಳಿದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆಯುತ್ತಾ ಹೋಗುತ್ತಿದ್ದಳು. ಮಧ್ಯದಲ್ಲಿ ತಡೆದರೆ ಮುಖ್ಯದ್ದು ಬಾಯಿಂದ ಬರುವುದೇ ಇಲ್ಲ ಎಂಬುದು ಅವಳ ಅನುಭವ.

ಆದರೆ ಶಸ್ತ್ರಚಿಕಿತ್ಸೆಯ ಹಾಳೆಯಲ್ಲಿ ಕೆಂಪಕ್ಷರದಲ್ಲಿ ಬದನೆ, ಹಲಸು ಎಂದು ಅಚ್ಚಾಗಿ ಬಂದಾಗ ದೊಡ್ಡ ಡಾಕ್ಟರಿಗೆ ತಲೆ ಕೆಟ್ಟಿತು. "ಇದೆಂತ, ಆಸ್ಪತ್ರೆಯಾ, ತರಕಾರಿ ಅಂಗಡಿಯಾ? ಮದ್ದು ಮಾತ್ರ ಬರೀಬೇಕು" ಎಂದು ಪ್ರಭಾಕರ ಸರ್‌ಗೆ ಫೋನು ಮಾಡಿ ಉಗಿದರು. ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅದುವರೆಗೆ ಕೊನೆಯ ಸಾಲನ್ನು ಮಾತ್ರ ಅಳಿಸಬಹುದಿತ್ತು. ಒಂದೇ ಮಧ್ಯಾಹ್ನದಲ್ಲಿ, ಊಟಕ್ಕೂ ಏಳದೆ, ಪ್ರತಿಯೊಂದು ಸಾಲಿನ ಪಕ್ಕ "ಅಳಿಸು" ಎಂಬ ಗುಂಡಿ ಕೂರಿಸಿದೆ. ಸಾಯಂಕಾಲ ಅದು ಆಸ್ಪತ್ರೆಗೆ ಹೋಯಿತು.

ಒಂದು ವಾರ ಕಳೆದು ಲಿಸ್ಸಿ ಫೋನು ಮಾಡಿದಳು.

"ಲಲಿತಕ್ಕಾ, ನಾನು ಒಬ್ಬರದ್ದು ಮದ್ದು ಬರೆದಿದ್ದೆ. ಹಾಳೆಯಲ್ಲಿ ಇಲ್ಲ ಅಂತ ಬಂದಿದೆ."

"ನೀನು ಸೇವ್ ಒತ್ತಿರಲಿಕ್ಕಿಲ್ಲ ಮಾರಾಯ್ತಿ."

"ಒತ್ತಿದ್ದೇನೆ ಅಂತ ನೆನಪು."

"ನೆನಪು ಅಂದ್ರೆ ಆಗುದಿಲ್ಲ. ಹಸಿರು ಬಣ್ಣದಲ್ಲಿ ಉಳಿಸಿದೆ ಅಂತ ಬರ್ತದೆ. ಅದನ್ನು ನೋಡಿ ಏಳು."

ಅವಳು ಪಾಪ, ತನ್ನದೇ ತಪ್ಪೆಂದುಕೊಂಡು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದು ಸರಿಮಾಡಿದಳು. ನಾಲ್ಕು ದಿನ ಬಿಟ್ಟು ಪುನಃ ಫೋನು ಬಂತು. ಪುನಃ ಅದೇ. ಈ ಸಲ ಅವಳು ಹಸಿರು ಅಕ್ಷರ ನೋಡಿದ್ದಳಂತೆ. ಗದರಿಸಲು ಬಾಯಿ ತೆರೆದವಳು, ಅವಳ ದನಿ ಕೇಳಿ ನಾಳೆ ಬರುತ್ತೇನೆ ಎಂದೆ. ಅಳುವುದೊಂದು ಬಾಕಿ. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಗೆ ಹೋಗಿ ಕೌಂಟರಿನ ಒಳಗೆ ಅವಳ ಪಕ್ಕದ ಸ್ಟೂಲಿನಲ್ಲಿ ಕೂತೆ. ಅವಳ ತಪ್ಪು ಹಿಡಿಯಲೆಂದೇ ಹೋದದ್ದು, ಸುಳ್ಳು ಯಾಕೆ ಹೇಳಲಿ?

ಎದುರು ಒಬ್ಬ ರಬ್ಬರ್ ಟ್ಯಾಪಿಂಗ್ ಮಾಡುವವರು ಕಾಲಿನ ಗಾಯ ತೋರಿಸಲು ಬಂದಿದ್ದರು. ಬದನೆ ಹೇಳಿದರು, ಬಂಗುಡೆ ಹೇಳಿದರು, ಮೂರನೆಯದಾಗಿ ಒಂದು ನೋವಿನ ಮಾತ್ರೆ ಹೇಳಿದರು. ಲಿಸ್ಸಿ ಮೂರನ್ನೂ ಬರೆದಳು. ಆಮೇಲೆ ಮೊದಲ ಸಾಲು ಅಳಿಸಿದಳು, ಎರಡನೆಯದನ್ನೂ ಅಳಿಸಿದಳು. ಪರದೆಯಲ್ಲಿ ಮಾತ್ರೆಯ ಸಾಲು ಒಂದೇ ಉಳಿಯಿತು. ಸೇವ್ ಒತ್ತಿದಳು. ಹಸಿರು ಅಕ್ಷರ ಬಂತು. ಹಾಳೆ ಅಚ್ಚಾಗಿ ಹೊರಗೆ ಬಂತು. ಅಲರ್ಜಿ: ಇಲ್ಲ.

ಲಿಸ್ಸಿ ನನ್ನ ಮುಖ ನೋಡಿದಳು. ಎಂತ ಆಗಿದೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ಫಾರ್ಮಿನಲ್ಲಿ ಸಾಲು ಸೇರಿಸುತ್ತಾ ಹೋದಂತೆ ಒಂದೊಂದಕ್ಕೂ ಸೊನ್ನೆ, ಒಂದು, ಎರಡು ಎಂದು ಸಂಖ್ಯೆ ಬೀಳುತ್ತದೆ. ಒಟ್ಟು ಎಷ್ಟು ಸಾಲು ಎಂಬ ಲೆಕ್ಕ ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಯಲ್ಲಿರುತ್ತದೆ. ಸರ್ವರ್ ಆ ಲೆಕ್ಕ ನೋಡಿ, ಸೊನ್ನೆಯಿಂದ ಶುರು ಮಾಡಿ ಅಷ್ಟೇ ಸಾಲು ಓದುತ್ತದೆ. ನನ್ನ ಹೊಸ ಗುಂಡಿ ಸಾಲು ಅಳಿಸಿ ಲೆಕ್ಕವನ್ನು ಕಡಿಮೆ ಮಾಡುತ್ತಿತ್ತು. ಉಳಿದ ಸಾಲಿಗೆ ಹೊಸ ಸಂಖ್ಯೆ ಕೊಡುತ್ತಿರಲಿಲ್ಲ. ಬದನೆ, ಬಂಗುಡೆ ಹೋದ ಮೇಲೆ ಲೆಕ್ಕ ಒಂದು, ಆದರೆ ಮಾತ್ರೆಯ ಸಾಲಿನ ಸಂಖ್ಯೆ ಇನ್ನೂ ಎರಡು. ಸರ್ವರ್ ಸೊನ್ನೆಯ ಸಾಲು ಹುಡುಕಿತು, ಸಿಗಲಿಲ್ಲ. ಖಾಲಿ ಎಂದುಕೊಂಡಿತು. ಖಾಲಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ, ಖಾಲಿ ಎಂದರೆ ಇಲ್ಲ ಎಂದು ನಾನೇ ಬರೆದಿದ್ದೆ. ಎಲ್ಲಿಯೂ ದೋಷ ಕಾಣಲಿಲ್ಲ, ಎಲ್ಲವೂ ಹಸಿರು. ನಾನು ಪರೀಕ್ಷೆ ಮಾಡಿದ್ದೆ, ಮಾಡದೆ ಇರಲಿಲ್ಲ. ಆದರೆ ಹಳೆಯ ಅಭ್ಯಾಸದಂತೆ ಪ್ರತಿ ಸಲವೂ ಕೊನೆಯ ಸಾಲನ್ನೇ ಅಳಿಸಿ ನೋಡಿದ್ದೆ. ನಮ್ಮ ಊರಿನ ಜನ ಮುಖ್ಯದ್ದನ್ನು ಕೊನೆಗೆ ಹೇಳುತ್ತಾರೆ ಎಂದು ನನ್ನ ತಲೆಗೆ ಬರಲಿಲ್ಲ. ನಾನೂ ಅದೇ ಊರಿನವಳು.

ಗುಂಡಿ ಹಾಕಿ ಹನ್ನೆರಡು ದಿನ ಆಗಿತ್ತು. ಆ ಹನ್ನೆರಡು ದಿನಗಳಲ್ಲಿ ಸೇರಿದವರು ಮೇಲಿನ ವಾರ್ಡುಗಳಲ್ಲಿ ಮಲಗಿದ್ದರು.

"ಇವತ್ತು ಆಪರೇಶನ್ ಯಾರಿಗುಂಟು?" ಎಂದು ಕೇಳಿದೆ.

ಲಿಸ್ಸಿ ಪಟ್ಟಿ ತೆಗೆದಳು. ಮೂವರ ಹೆಸರು. ಎರಡನೆಯದರ ಮೇಲೆ ಅವಳ ಬೆರಳು ನಿಂತಿತು. "ಕಾಣಿಯೂರಿನ ಐಸಮ್ಮ. ಪಿತ್ತಕೋಶದ ಕಲ್ಲು. ನಿನ್ನೆ ನಾನೇ ಬರ್ಕೊಂಡದ್ದು ಅಕ್ಕಾ. ಅವರು ತುಂಬ ಹೇಳಿದ್ರು. ಕೊನೆಗೆ ಒಂದು ಇಂಜೆಕ್ಷನ್ ಹೇಳಿದ್ದರು."

"ಯಾವುದು?"

ಅವಳು ಹೆಸರು ಹೇಳಿದಳು. ಹೇಳುವಾಗಲೇ ಅವಳ ಕೈ ಬಾಯಿಯ ಮೇಲೆ ಹೋಯಿತು. ಆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ಸೋಂಕು ಆಗದಿರಲೆಂದು ಕೊಡುತ್ತಿದ್ದದ್ದು ಅದೇ ಜಾತಿಯ ಇಂಜೆಕ್ಷನ್.

ಈಗ ನಾನು ಮಾಡಿದ್ದನ್ನು ಬರೆಯಬೇಕು. ಇದನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಕೌಂಟರಿನ ಮೇಲೆ ಎರಡು ಫೋನುಗಳಿದ್ದವು. ಒಂದು ಆಸ್ಪತ್ರೆಯ ಒಳಗಿನ ಫೋನು, ಎರಡು ಅಂಕಿ ಒತ್ತಿದರೆ ಆಪರೇಶನ್ ಥಿಯೇಟರು. ಇನ್ನೊಂದು ನನ್ನ ಮೊಬೈಲು. ನಾನು ಮೊಬೈಲು ಎತ್ತಿದೆ. ಪ್ರಭಾಕರ ಸರ್‌ಗೆ ಮಾಡಿದೆ.

ಅವರು ಎಲ್ಲ ಕೇಳಿದರು. "ಲಲಿತಕ್ಕ, ಗಡಿಬಿಡಿ ಮಾಡುದು ಬೇಡ. ಮೊದಲು ಖಾತ್ರಿ ಮಾಡಿ. ಇನ್ನೊಂದು ಸಲ ಟೆಸ್ಟ್ ಮಾಡಿ ನೋಡಿ. ದೊಡ್ಡ ಡಾಕ್ಟರಿಗೆ ನಾನೇ ಸರಿಯಾಗಿ ಹೇಳ್ತೇನೆ, ನೀವು ಎಂತ ಹೇಳುದು ಬೇಡ" ಎಂದರು.

ನಾನು ಆಯಿತು ಎಂದೆ. ಮಾತ್ರವಲ್ಲ, ಅವರು ಹೇಳಿದ ಹಾಗೆ ಇನ್ನೊಂದು ಸಲ ಟೆಸ್ಟ್ ಮಾಡಿದೆ. ಸುಳ್ಳು ಹೆಸರು ಹಾಕಿ, ಮೂರು ಸಾಲು ಬರೆದು, ಎರಡು ಅಳಿಸಿ, ಸೇವ್ ಒತ್ತಿ, ಹಾಳೆ ಬರುವವರೆಗೆ ಕಾದೆ. ಬೇಕಾಗಿರಲಿಲ್ಲ. ಎಂತ ಆಗಿದೆ ಎಂದು ಆಗಲೇ ಗೊತ್ತಿತ್ತು. ತಪ್ಪು ನನ್ನದು ಎಂದು ಎದ್ದು ನಿಂತು ಹೇಳಲು ಧೈರ್ಯ ಸಾಲದೆ, ಆ ಹೊತ್ತನ್ನು ಕೀಲಿಮಣೆಯ ಮೇಲೆ ಕಳೆದೆ. ಲಿಸ್ಸಿ ಕಾಯಲಿಲ್ಲ. ನನ್ನ ಹಾಳೆ ಬರುವ ಮೊದಲೇ ಅವಳು ಒಳಗಿನ ಫೋನು ಎತ್ತಿದ್ದಳು. ಹೊರಗಿನ ಕಂಪೆನಿಯವರು ಏನು ಹೇಳುತ್ತಾರೆ ಎಂದು ಕೇಳುವ ಗೊಡವೆಗೇ ಹೋಗಲಿಲ್ಲ.

"ಥಿಯೇಟರಾ? ಐಸಮ್ಮನಿಗೆ ಇಂಜೆಕ್ಷನ್ ಕೊಡಬೇಡಿ. ಅಲರ್ಜಿ ಉಂಟು. ಹಾಳೆ ತಪ್ಪು."

ಆ ಕಡೆಯಿಂದ ಏನೋ ಹೇಳಿದರು. ಲಿಸ್ಸಿ ಫೋನು ಇಟ್ಟು, "ಇಂಜೆಕ್ಷನ್ ಅರ್ಧ ಹೋಗಿದೆಯಂತೆ" ಎಂದಳು.

ನಾನು ಮೆಟ್ಟಿಲು ಹತ್ತಿ ಓಡಿದೆ. ಓಡಿ ಮಾಡುವುದೇನು? ಥಿಯೇಟರಿನ ಬಾಗಿಲು ಮುಚ್ಚಿತ್ತು. ಹೊರಗಿನ ಬೆಂಚಿನಲ್ಲಿ ಐಸಮ್ಮನ ಮಗಳು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಏದುಸಿರು ನೋಡಿ, "ನಿಮ್ಮವರು ಯಾರು ಒಳಗೆ ಇರುದು?" ಎಂದು ಕೇಳಿದಳು. ಒಳಗೆ ಓಡಾಡುವ ಸದ್ದು, ಏನನ್ನೋ ಕೇಳುವ ಜೋರು ದನಿ. ಒಬ್ಬರು ನರ್ಸ್ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ಓಡಿ, ಕೈಯಲ್ಲಿ ಏನೋ ಹಿಡಿದುಕೊಂಡು ವಾಪಸು ಬಂದರು. ಮಗಳು ಎದ್ದು ನಿಂತಳು. ನಾನು ಗೋಡೆಗೆ ಒರಗಿದೆ. ನನ್ನ ಟೆಸ್ಟಿಗೆ ನಾಲ್ಕು ನಿಮಿಷ ಹಿಡಿದಿತ್ತು. ಆ ಇಂಜೆಕ್ಷನ್ನನ್ನು ಎತ್ತಿದ್ದು ಆ ನಾಲ್ಕು ನಿಮಿಷದ ಒಳಗೋ ಅದಕ್ಕೂ ಮೊದಲೋ ಎಂದು ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಅರಿವಳಿಕೆಯ ಡಾಕ್ಟರು ಹೊರಗೆ ಬಂದರು. ಉಸಿರಾಟ ಹಿಡಿತಕ್ಕೆ ಬಂದಿದೆ, ಆಪರೇಶನ್ ಇವತ್ತು ಇಲ್ಲ, ಐಸಿಯುವಿನಲ್ಲಿ ಇಡುತ್ತೇವೆ ಎಂದರು. ಫೋನು ಬಂದದ್ದರಿಂದ ಏನೆಂದು ತಕ್ಷಣ ಗೊತ್ತಾಯಿತಂತೆ. ನಂತರ, ಫಾರ್ಮಿನವಳೆಂದು ಗುರುತಿದ್ದ ನನ್ನ ಕಡೆ ತಿರುಗಿ, "ನಾವು ಒಳಗೂ ಕೇಳಿದ್ದೇವೆ ಮೇಡಂ, ನಿಮಗೆ ಯಾವುದಾದರೂ ಮದ್ದು ಆಗುದಿಲ್ವಾ ಅಂತ. ಎಲ್ಲ ನಿನ್ನೆಯೇ ಬರೆಸಿದ್ದೇನೆ ಅಂತ ಹೇಳಿದರು. ಹಾಳೆಯಲ್ಲಿ ಇಲ್ಲ ಅಂತ ಇತ್ತು" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಆ ದಿನ ಮಧ್ಯಾಹ್ನದಿಂದ ಸಾಯಂಕಾಲದವರೆಗೆ ನಾನೂ ಲಿಸ್ಸಿಯೂ ವಾರ್ಡಿನಿಂದ ವಾರ್ಡಿಗೆ ನಡೆದೆವು. ಕಳೆದುಹೋದ ಸಾಲು ಸರ್ವರಿಗೆ ಮುಟ್ಟಿದರೂ ಅದು ಓದಿರಲಿಲ್ಲ, ಎಲ್ಲಿಯೂ ಇಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕುವ ದಾರಿಯೇ ಇಲ್ಲ. ಒಬ್ಬೊಬ್ಬರ ಮಂಚದ ಬಳಿ ನಿಂತು ಪುನಃ ಕೇಳಬೇಕು. ಪುನಃ ಬದನೆ, ಪುನಃ ಹಲಸು. ಕೊನೆಯವರೆಗೆ ಕೇಳಿದೆವು. ಐದು ಜನರ ಮದ್ದು ತಪ್ಪಿಹೋಗಿತ್ತು. ಹಾಳೆಯ ಮೇಲೂ ಕಂಪ್ಯೂಟರಿನಲ್ಲೂ ತಿದ್ದಿದೆವು. ಮನೆಗೆ ಹೋದವರಿಗೆ ಲಿಸ್ಸಿ ಫೋನು ಮಾಡಿದಳು. ಪ್ರಭಾಕರ ಸರ್ ಬಂದು ದೊಡ್ಡ ಡಾಕ್ಟರ ಕೋಣೆಯಲ್ಲಿ ಒಂದು ಗಂಟೆ ಕೂತು ಹೊರಗೆ ಬಂದರು. "ವರದಿಯಲ್ಲಿ ನರ್ಸ್ ಸಾಲು ಅಳಿಸಿದ್ದು ಅಂತ ಬರೆಯಬಹುದಾ ಲಲಿತಕ್ಕ?" ಎಂದು ಮೆಲ್ಲಗೆ ಕೇಳಿದರು.

"ಅಳಿಸುವ ಗುಂಡಿ ಕೊಟ್ಟದ್ದು ನಾನು. ಬರೆಯುದಾದರೆ ನನ್ನ ಹೆಸರು ಬರೀರಿ" ಎಂದೆ. ಬೆಳಿಗ್ಗೆ ಬೇಕಾಗಿದ್ದ ಧೈರ್ಯ ಸಾಯಂಕಾಲ ಬಂದಿತ್ತು. ಅವರು ತಲೆ ತಗ್ಗಿಸಿದರು. ವರದಿಯಲ್ಲಿ ನನ್ನ ಹೆಸರೇ ಹೋಯಿತು.

ಮುಂದಿನ ಎರಡು ದಿನ ನಾನು ಗುಂಡಿಯನ್ನು ಸರಿಮಾಡಿದೆ. ಸಾಲು ಅಳಿಸಿದರೆ ಉಳಿದವುಗಳಿಗೆ ಹೊಸ ಸಂಖ್ಯೆ ಬೀಳುವ ಹಾಗೆ, ಕಳುಹಿಸಿದ ಸಾಲಿಗೂ ಓದಿದ ಸಾಲಿಗೂ ತಾಳೆಯಾಗದಿದ್ದರೆ ಫಾರ್ಮ್ ನಿಲ್ಲುವ ಹಾಗೆ, ಅಲರ್ಜಿ ಇಲ್ಲ ಎಂಬುದನ್ನು ನರ್ಸ್ ಕೈಯಾರೆ ಗುರುತು ಮಾಡಿದರೆ ಮಾತ್ರ ಒಪ್ಪುವ ಹಾಗೆ. ಮೊದಲ ಸಾಲು ಅಳಿಸಿ ನೋಡಿದೆ, ನಡುವಿನದು ಅಳಿಸಿ ನೋಡಿದೆ, ಎಲ್ಲ ಅಳಿಸಿ ಪುನಃ ಸೇರಿಸಿ ನೋಡಿದೆ. ಕೆಲಸ ಸರಿಯಾಗಿತ್ತು. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಮೂರನೆಯ ದಿನ ಐಸಮ್ಮನನ್ನು ವಾರ್ಡಿಗೆ ತಂದರು ಎಂದು ಲಿಸ್ಸಿ ಹೇಳಿದಳು. ಹೋದೆ. ಲ್ಯಾಪ್‌ಟಾಪನ್ನೂ ಹಿಡಿದುಕೊಂಡಿದ್ದೆ. ಯಾಕೆಂದು ಗೊತ್ತಿಲ್ಲ, ಬರಿಗೈಯಲ್ಲಿ ಹೋಗಲು ಹೆದರಿಕೆ. ಅರುವತ್ತು ದಾಟಿದ ತೆಳ್ಳಗಿನ ಹೆಂಗಸು, ತಲೆಯ ಮೇಲೆ ಬಿಳಿ ಬಟ್ಟೆ, ದನಿ ಇನ್ನೂ ಒಡೆದಿತ್ತು. ನಾನು ಯಾರೆಂದು ಹೇಳಿದೆ. ನಿಮ್ಮ ಮದ್ದಿನ ಹೆಸರು ಕಳೆದುಹೋದದ್ದು ನನ್ನಿಂದ, ಸಿಸ್ಟರಿನಿಂದ ಅಲ್ಲ ಎಂದೆ. ಗೊತ್ತಾದ ಮೇಲೂ ನಾನು ತಡ ಮಾಡಿದೆ ಎಂಬುದನ್ನು ಹೇಳಲು ಹೊರಟೆ, ಹೇಳಲಾಗಲಿಲ್ಲ. ಅದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಐಸಮ್ಮ ಬೈಯುತ್ತಾರೆ ಎಂದು ಕಾದೆ.

"ಈಗ ಬರೆದದ್ದು ಉಂಟಾ?" ಎಂದು ಕೇಳಿದರು.

"ಉಂಟು. ಎಲ್ಲರದ್ದೂ ಸರಿ ಮಾಡಿದ್ದೇವೆ."

"ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ ಮೇಡಂ. ನನ್ನದು ಎಂತ ಬರೆದದ್ದುಂಟು ಅಂತ ಒಮ್ಮೆ ಓದಿ ಹೇಳಿ."

ಲ್ಯಾಪ್‌ಟಾಪ್ ತೆರೆದೆ. ಅವರ ಹೆಸರು ಹುಡುಕಿದೆ. ಪುಟ ಬಂತು. ಆ ದಿನ ನಾವು ವಾರ್ಡು ಸುತ್ತುವಾಗ ಅವರು ಐಸಿಯುವಿನಲ್ಲಿದ್ದರು, ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅವರ ಫೈಲಿನ ಮೇಲೆ ಡಾಕ್ಟರು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದಿದ್ದರು. ಅದಿದೆಯಲ್ಲ ಎಂದು ಯಾರೂ ಕಂಪ್ಯೂಟರಿನಲ್ಲಿ ತಿದ್ದಿರಲಿಲ್ಲ. ಐದು ಜನರದ್ದನ್ನು ತಿದ್ದಿದ ನಾನೂ ತಿದ್ದಿರಲಿಲ್ಲ.

ಐಸಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇಲ್ಲ ಅಂತ ಉಂಟು" ಎಂದೆ.

ಅವರು ಮಗಳ ಕೈ ಹಿಡಿದು ನಿಧಾನವಾಗಿ ಎದ್ದು ಕೂತರು. ತಲೆಯ ಬಟ್ಟೆ ಸರಿಮಾಡಿಕೊಂಡರು.

"ಹಾಗಾದ್ರೆ ಬರೀರಿ. ನಾನು ಮೊದಲಿಂದ ಹೇಳ್ತೇನೆ" ಎಂದರು. "ಬದನೆ."

ನಾನು ಬದನೆ ಎಂದು ಬರೆದೆ. ಅವರು ಹೇಳುತ್ತಾ ಹೋದರು. ಏಳು ಸಾಲು ಆಯಿತು. ಒಂದನ್ನೂ ಅಳಿಸಲಿಲ್ಲ. ಉಳಿಸಿ, ಪುಟ ಮುಚ್ಚಿ, ಪುನಃ ತೆರೆದು, ಬದನೆಯಿಂದ ಇಂಜೆಕ್ಷನ್ನಿನವರೆಗೆ ಅವರಿಗೆ ಕೇಳುವ ಹಾಗೆ ಓದಿದೆ. ಅವರು ಒಂದೊಂದು ಸಾಲಿಗೂ ತಲೆಯಾಡಿಸಿದರು. ಕೊನೆಯ ಸಾಲು ಬಂದಾಗ, "ಅದನ್ನು ಇನ್ನೊಮ್ಮೆ ಓದಿ" ಎಂದರು.